ಸಾಲಿನ ಕೊನೆಯ ಜೋಡಿ

ನಮ್ಮ ದೊಡ್ಡಮ್ಮ ಮೂವತ್ತಮೂರು ವರ್ಷದಿಂದ ಸಮುದ್ರದ ದಡದಲ್ಲಿ ಕೆಲಸ ಮಾಡುತ್ತಿದ್ದಾಳೆ, ಒಂದು ದಿನವೂ ನೀರಿನೊಳಗೆ ತಲೆ ಅದ್ದಿದವಳಲ್ಲ. ಪಾದ ನೆನೆಯುವಷ್ಟು ಇಳಿದರೆ ಅದೇ ಹೆಚ್ಚು. ಆದರೆ ಹೊಸಬರು ಯಾರಾದರೂ ಬಂದು ಒಳಗೆ ಏನಿದೆ ಎಂದು ಕೇಳಲಿ, ತಾನೇ ಹುಟ್ಟಿ ಬೆಳೆದ ಮನೆಯ ಹಾಗೆ ವರ್ಣಿಸುತ್ತಾಳೆ. ಎಡಕ್ಕೆ ಹೋದರೆ ಎಲೆಕೋಸಿನಂಥ ಹವಳ, ಮುಂದೆ ಜಿಂಕೆ ಕೊಂಬಿನಂಥದ್ದು, ಅದರ ಸಂದಿಯಲ್ಲಿ ಸಿಟ್ಟಿನ ಮೀನೊಂದಿದೆ, ಕೈ ಹಾಕಬೇಡಿ. ಎಲ್ಲವೂ ಹೊರಗೆ ಬಂದವರ ಬಾಯಿಂದ ಕೇಳಿದ್ದು. ದಿನಕ್ಕೆ ಹತ್ತು ಜನರನ್ನು ನೀರಿಗೆ ಕರೆದುಕೊಂಡು ಹೋಗುವವಳು ನಾನು, ವರ್ಣನೆಯಲ್ಲಿ ಹೆಸರು ಅವಳಿಗೆ. ಮೊದಮೊದಲು ನನಗೆ ಅದಕ್ಕೇ ಮೈ ಉರಿಯುತ್ತಿತ್ತು.

ಅವಳ ಕೆಲಸ ಎರಡು. ಒಂದು, ನೀರಿನೊಳಗೆ ನೋಡಲು ಮೂಗೂ ಮುಚ್ಚುವ ಹಾಗೆ ಮುಖಕ್ಕೆ ಹಾಕುವ ಕನ್ನಡಕ ಸರಿ ಮಾಡುವುದು. ಎರಡು, ಚಪ್ಪಲಿ ಕಾಯುವುದು. ದಡದ ಸಣ್ಣಪುಟ್ಟ ಮಕ್ಕಳಿಗೆಲ್ಲ ಅವಳು ಚಪ್ಪಲಿ ಅಜ್ಜಿ. ಹಾಗೆ ಕರೆದರೆ ಬೇಸರವೇ ಎಂದು ಒಮ್ಮೆ ಕೇಳಿದ್ದೆ. ತಲೆ ಕಾಯುವ ಕೆಲಸ ಮಾಡುವವರು ಊರಿನಲ್ಲಿ ಬೇಕಾದಷ್ಟಿದ್ದಾರೆ, ಕಾಲು ಕಾಯುವುದಕ್ಕೂ ಒಬ್ಬರು ಬೇಡವೇ ಎಂದಳು.

ನಮ್ಮದು ತಗಡಿನ ಮಾಡಿನ ಎರಡು ಕೋಣೆಯ ಶೆಡ್ಡು. ಮುಂದಿನ ಕೋಣೆಯ ಗೋಡೆಗೆ ಸಾಲಾಗಿ ಮೊಳೆ, ಮೊಳೆಗೆ ನೇತುಹಾಕಿದ ಕನ್ನಡಕಗಳು, ಉಸಿರಾಟದ ಕೊಳವೆಗಳು. ನೆಲದ ಮೇಲೆ ಸಿಹಿನೀರಿನ ದೊಡ್ಡ ಟಬ್ಬು. ಹಿಂದಿನ ಕೋಣೆಯಲ್ಲಿ ಆಳಕ್ಕೆ ಮುಳುಗುವವರ ಗಾಳಿ ಸಿಲಿಂಡರು, ಸೀಸದ ಬೆಲ್ಟು, ಈಜುವಾಗ ಕಾಲಿಗೆ ತೊಡುವ ರಬ್ಬರ್ ಫಿನ್ನುಗಳಲ್ಲಿ ಹರಿದವನ್ನು ತುಂಬಿಟ್ಟ ಗೋಣಿಚೀಲ. ದೊಡ್ಡಮ್ಮ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಬಂದವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಾಳೆ. ಮೂಗು ಗಿಡ್ಡವೋ, ಕೆನ್ನೆ ಒಳಗೆ ಹೋಗಿದೆಯೋ, ಯಾವ ಅಳತೆಯದ್ದು ಕೂರುತ್ತದೋ ಅವಳ ಬೆರಳಿಗೆ ಗೊತ್ತು. ಮೀಸೆಯವರ ಪಾಡು ಬೇರೆ. ಮೀಸೆಯ ಸಂದಿಯಿಂದ ನೀರು ನುಗ್ಗುತ್ತದೆ. ಅದಕ್ಕೆ ಅವಳು ಡಬ್ಬಿಯಿಂದ ವ್ಯಾಸಲೀನ್ ತೆಗೆದು ಮೀಸೆಗೆ ಮೆತ್ತುತ್ತಾಳೆ. ಎಂಥ ಗತ್ತಿನ ಗಂಡಸಾದರೂ ಆ ಎರಡು ನಿಮಿಷ ಮಗುವಿನ ಹಾಗೆ ಮೂತಿ ಮುಂದೆ ಮಾಡಿ ನಿಂತಿರಬೇಕು. ಮೀಸೆ ಬೋಳಿಸಿದರೆ ಮಾನ ಹೋಗುತ್ತದೆ, ಬೋಳಿಸದಿದ್ದರೆ ಜೀವ ಹೋಗುತ್ತದೆ ಎಂದು ಅವಳು ಆಗೆಲ್ಲ ತಮಾಷೆ ಮಾಡುತ್ತಿದ್ದಳು. ಹನ್ನೊಂದು ವರ್ಷದಿಂದ ಆ ತಮಾಷೆ ನಿಂತಿದೆ.

ಇನ್ನು ಚಪ್ಪಲಿ. ಶೆಡ್ಡಿನಿಂದ ನಾಲ್ಕು ಸಿಮೆಂಟಿನ ಮೆಟ್ಟಿಲು ಇಳಿದರೆ ನೀರು. ಮೆಟ್ಟಿಲ ಪಕ್ಕ ಉದ್ದನೆಯ ಹಲಗೆ ಹಾಕಿದ್ದೇವೆ. ನೀರಿಗೆ ಇಳಿಯುವವರು ಅಲ್ಲಿ ಕೂತು ಫಿನ್ನು ತೊಡುತ್ತಾರೆ, ಚಪ್ಪಲಿ ಬಿಡುತ್ತಾರೆ. ಬಿಟ್ಟ ಚಪ್ಪಲಿಯನ್ನು ದೊಡ್ಡಮ್ಮ ಜೋಡಿಸಿ, ಬೆರಳಿನ ಕಡೆ ಸಮುದ್ರಕ್ಕೆ ಬರುವಂತೆ ಸಾಲಾಗಿ ಇಡುತ್ತಾಳೆ. ಹಲಗೆಯ ಮೇಲೆ ಎಷ್ಟು ಜೋಡಿಯೋ ನೀರಿನಲ್ಲಿ ಅಷ್ಟು ಜನ. ಮಕ್ಕಳಾಟ ಎಂದು ನಗಬೇಡಿ. ಬಾಡಿಗೆ ಸಾಮಾನು ಎಣಿಸಿದರೆ ಸಾಮಾನು ಮಾತ್ರ ಲೆಕ್ಕ ಸಿಗುತ್ತದೆ. ಸ್ವಂತ ಸಾಮಾನು ತಂದವರನ್ನು ಎಣಿಸುವವರು ಯಾರು? ಬರಿಗಾಲಲ್ಲಿ ಈ ದಡಕ್ಕೆ ಯಾರೂ ಬರುವುದಿಲ್ಲ, ಹವಳದ ಚೂರು ಗಾಜಿನ ಹಾಗೆ ಕುಯ್ಯುತ್ತದೆ. ಆದ್ದರಿಂದ ಚಪ್ಪಲಿಯೇ ಸರಿಯಾದ ಲೆಕ್ಕ. ಸಂಜೆ ಬಾಗಿಲು ಹಾಕುವ ಮುನ್ನ ಶೆಡ್ಡಿನ ಯಜಮಾನರು ಒಳಗಿನಿಂದಲೇ, "ಖಾಲಿಯಾ?" ಎಂದು ಕೇಳುತ್ತಾರೆ. ಅವಳು ಹಲಗೆ ನೋಡಿ, "ಖಾಲಿ" ಎನ್ನುತ್ತಾಳೆ. ಆಮೇಲೆ ಬೀಗ. ಇಪ್ಪತ್ತೆರಡು ವರ್ಷ ಈ ಲೆಕ್ಕ ತಪ್ಪಲಿಲ್ಲ.

ಹಾಗೆ ಎಣಿಸಲು ಕಾರಣವಿದೆ. ನಮ್ಮ ಹವಳದ ದಿಬ್ಬ ದಡಕ್ಕೆ ಗೋಡೆಯಂತೆ ಅಡ್ಡ ಮಲಗಿದೆ. ಗೋಡೆಯ ಒಳಗೆ ತಿಳಿನೀರು, ಎದೆಮಟ್ಟ, ಹಾಲು ಕುಡಿಯುವ ಮಗುವನ್ನೂ ತೇಲಿಸಬಹುದು. ಆದರೆ ಗೋಡೆಗೆ ಒಂದು ಗಂಡಿ ಇದೆ. ಇಳಿತದ ಹೊತ್ತಿಗೆ ಒಳಗಿನ ನೀರೆಲ್ಲ ಆ ಗಂಡಿಯಿಂದ ಹೊರಗಿನ ಆಳಕ್ಕೆ ಓಡುತ್ತದೆ. ಮುಖ ಕೆಳಗೆ ಹಾಕಿ ಮೀನು ನೋಡುತ್ತ ತೇಲುವವನಿಗೆ ತಾನು ಹೋಗುತ್ತಿರುವುದೇ ತಿಳಿಯುವುದಿಲ್ಲ. ತಿಳಿದು ತಲೆ ಎತ್ತುವಷ್ಟರಲ್ಲಿ ದಡ ದೂರವಾಗಿರುತ್ತದೆ. ಇದು ನಮಗೆ ಗೊತ್ತು, ಬಂದವರಿಗೂ ಹೇಳುತ್ತೇವೆ, ಕೇಳುವವರು ಕೇಳುತ್ತಾರೆ.

ನಮ್ಮ ದೊಡ್ಡಪ್ಪ ಅದೇ ಶೆಡ್ಡಿನಲ್ಲಿ ಸಿಲಿಂಡರು ಕಟ್ಟಿಕೊಂಡು ಮುಳುಗುವವರ ಗೈಡು. ಮಾತು ಕಡಿಮೆ, ಕೆಲಸ ಹೆಚ್ಚು. ಹೊರಗೆ ಯಾರಿಗೂ ಹೆದರದವನು ಮನೆಯಲ್ಲಿ ಹೆಂಡತಿಗೆ ಹೆದರುತ್ತಿದ್ದ. ಅವನ ಚಪ್ಪಲಿಗೆ ಸಾಲಿನ ಕೊನೆಯ ಜಾಗ ಮೀಸಲು. ಆ ವರ್ಷ ಪೇಟೆಯ ಅಂಗಡಿಗೆ ನೀಲಿ ರಬ್ಬರ್ ಚಪ್ಪಲಿಯ ಒಂದು ಲೋಡು ಬಂದು, ಅರ್ಧ ಊರಿನ ಕಾಲು ನೀಲಿಯಾಗಿತ್ತು. ದೊಡ್ಡಪ್ಪನದೂ ನೀಲಿ.

ಆ ದಿನ ನನಗೆ ಜ್ವರ, ನಾನು ದಡದಲ್ಲಿ ಇರಲಿಲ್ಲ. ಆದ್ದರಿಂದ ಇದು ನಾನು ಆಮೇಲೆ ಕೇಳಿ, ಕೆದಕಿ, ಬೈದು ಹೊರಗೆ ತೆಗೆದ ಕಥೆ. ಬೆಳಗಿನ ಜಾವ ಮಳೆ ಬಿದ್ದು ದಾರಿ ಕೆಸರಾಗಿತ್ತು. ಸಿಲಿಂಡರಿನ ತಳ್ಳುಗಾಡಿ ತಳ್ಳುವಾಗ ಚಪ್ಪಲಿ ಜಾರುತ್ತದೆ ಎಂದು ದೊಡ್ಡಪ್ಪ ಅದನ್ನು ಮನೆಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಬಂದ. ದೊಡ್ಡಮ್ಮ ಅವನಿಗಿಂತ ಮೊದಲೇ ಬಂದಿದ್ದಳು, ಅವಳಿಗೆ ಇದು ಗೊತ್ತಿಲ್ಲ. ಮಧ್ಯಾಹ್ನ ಒಬ್ಬ ಮೀಸೆಯವನು ಬಂದ. ತಕ್ಕಡಿ ರಿಪೇರಿ ಮಾಡುವವನು, ಪೇಟೆಯ ಅಂಗಡಿಗಳ ತೂಕದ ಯಂತ್ರ ಸರಿ ಮಾಡಲು ಬೇರೆ ಊರಿನಿಂದ ಬಂದು ಲಾಡ್ಜಿನಲ್ಲಿ ಉಳಿದಿದ್ದ. ಕೆಲಸ ಬೇಗ ಮುಗಿಯಿತು, ಸಂಜೆಯವರೆಗೆ ಮೀನು ನೋಡೋಣ ಅಂತ ಬಂದೆ ಎಂದನಂತೆ. ಕನ್ನಡಕ, ಫಿನ್ನು ಎಲ್ಲ ಸ್ವಂತದ್ದು. ದುಡ್ಡು, ಕಾಗದ ಪತ್ರ ಕುತ್ತಿಗೆಗೆ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ. ದೊಡ್ಡಮ್ಮ ಅವನ ಮೀಸೆಗೆ ವ್ಯಾಸಲೀನ್ ಮೆತ್ತಿದಳು, ಗಂಡಿಯ ಕಡೆ ಹೋಗಬೇಡಪ್ಪ ಎಂದಳು. ಅವಳು ಕೈ ತೊಳೆಯಲು ಒಳಗೆ ಹೋದಾಗ ಅವನು ಹಲಗೆಯ ಕೊನೆಯಲ್ಲಿ ಚಪ್ಪಲಿ ಬಿಟ್ಟು ನೀರಿಗೆ ಇಳಿದ. ನೀಲಿ ಚಪ್ಪಲಿ. ಅವಳು ಹೊರಗೆ ಬಂದು, ಕೊನೆಯಲ್ಲಿರುವುದು ಗಂಡನದು, ಮೀಸೆಯವನದು ಸಾಲಿನ ಉಳಿದ ಜೋಡಿಗಳಲ್ಲಿ ಯಾವುದೋ ಒಂದು ಎಂದುಕೊಂಡಳು.

ಸ್ವಲ್ಪ ಹೊತ್ತಿನಲ್ಲಿ ದೊಡ್ಡಪ್ಪ ಕಿವಿನೋವು ಎಂದು ಆಳದಿಂದ ಬೇಗ ಮೇಲೆ ಬಂದ. ಅಷ್ಟರಲ್ಲಿ ಬಿಸಿಲಿಗೆ ಮರಳು ಹುರಿಯುವ ಬಾಣಲೆಯಾಗಿತ್ತು. ತನ್ನ ಜಾಗದಲ್ಲಿ ನೀಲಿ ಜೋಡಿ ಇತ್ತು. ಬೆಳಿಗ್ಗೆ ಬರಿಗಾಲಲ್ಲಿ ಬಂದದ್ದು ತಲೆಗೆ ಹೊಳೆಯಲಿಲ್ಲ, ಕಾಲು ತನ್ನ ಅಭ್ಯಾಸದಂತೆ ಅದರೊಳಗೆ ತೂರಿತು. ಅವನು ಮನೆಗೆ ಹೋದ. ದೊಡ್ಡಮ್ಮ ಅವನು ಹೋಗುವುದನ್ನು ನೋಡಿದಳು ಕೂಡ. ಸಂಜೆ ಯಜಮಾನರು ಕೇಳಿದರು. ಅವಳು ಹಲಗೆ ನೋಡಿ, "ಖಾಲಿ" ಎಂದಳು.

ಮನೆಗೆ ಬಂದರೆ ಬಾಗಿಲಲ್ಲಿ ಎರಡು ಜೋಡಿ ನೀಲಿ ಚಪ್ಪಲಿ, ಕಿವಿನೋವಿಗೆ ನೇರ ಒಳಗೆ ಹೋಗಿ ಮಲಗಿದ್ದ ದೊಡ್ಡಪ್ಪ ಗಮನಿಸಿರಲಿಲ್ಲ. ಒಂದು ಗಂಡ ಬೆಳಿಗ್ಗೆ ಬಿಟ್ಟುಹೋದದ್ದು. ಇನ್ನೊಂದರ ಎಡಗಾಲಿನ ಪಟ್ಟಿ ಕಿತ್ತುಹೋಗಿ, ಯಾರೋ ಅದನ್ನು ದಪ್ಪ ಹಳದಿ ದಾರದಿಂದ ನಾಜೂಕಾಗಿ ಹೊಲಿದಿದ್ದರು. ಅವಳು ಅದನ್ನು ಎತ್ತಿ ಹಿಡಿದು ಗಂಡನನ್ನು ಕೂಗಿದಳಂತೆ. ಆಮೇಲೆ ಇಬ್ಬರೂ ದೀಪ ಹಿಡಿದು ದಡಕ್ಕೆ ಓಡಿದರು. ಕತ್ತಲಾಗುತ್ತಿತ್ತು, ಇಳಿತ ಮುಗಿಯುತ್ತಿತ್ತು. ದೊಡ್ಡಪ್ಪ ನೀರಿಗೆ ಬಿದ್ದು ದಿಬ್ಬದ ಉದ್ದಕ್ಕೂ ಹುಡುಕಿದ, ಗಂಡಿಯವರೆಗೂ ಹೋದ. ದೊಡ್ಡಮ್ಮ ದಡದಲ್ಲಿ ದೀಪ ಎತ್ತಿ ಹಿಡಿದು ಕೂಗಿದಳು. ಹೆಸರು ಗೊತ್ತಿಲ್ಲವಲ್ಲ, ಏನೆಂದು ಕೂಗುವುದು? "ಅಪ್ಪಾ, ಮೀಸೆಯಪ್ಪಾ" ಎಂದು ಕೂಗಿದಳು. ಒಂದು ಗಂಟೆಯ ನಂತರ ದೊಡ್ಡಪ್ಪ ನಡುಗುತ್ತ ಮೇಲೆ ಬಂದು, ಅವನು ಬರಿಗಾಲಲ್ಲೇ ಎದ್ದು ಹೋಗಿರುತ್ತಾನೆ, ಬೆಳಿಗ್ಗೆ ಚಪ್ಪಲಿ ಕೇಳಿಕೊಂಡು ಬಂದು ಜಗಳ ಆಡುತ್ತಾನೆ ನೋಡು ಎಂದ. ಅವಳಿಗೂ ಅದೇ ಬೇಕಾಗಿತ್ತು. ಯಾರನ್ನೂ ಎಬ್ಬಿಸದೆ, ದೋಣಿ ತರಿಸದೆ, ಇಬ್ಬರೂ ದೀಪ ಹಿಡಿದು ಮನೆಗೆ ಬಂದರು.

ಬೆಳಿಗ್ಗೆ ಅವನು ಬರಲಿಲ್ಲ. ಯಾರೂ ಕೇಳಲೂ ಇಲ್ಲ. ಮೂರನೆಯ ದಿನ ಲಾಡ್ಜಿನವನು ಪೊಲೀಸರಿಗೆ ಹೇಳಿದ. ದೋಣಿಗಳು ಅರ್ಧ ದಿನ ಹುಡುಕಿದವು. ಆಮೇಲೆ ಪೊಲೀಸಿನವನು ಬಂದು ದೊಡ್ಡಮ್ಮನನ್ನು ಕೇಳಿದ, ಆ ಸಂಜೆ ಚಪ್ಪಲಿ ಉಳಿದಿತ್ತೇ ಎಂದು. ಸಾಲು ಖಾಲಿ ಇತ್ತು ಎಂದಳು. ಅಷ್ಟೇ ಸಾಕಾಯಿತು. ಇಪ್ಪತ್ತೆರಡು ವರ್ಷ ಲೆಕ್ಕ ತಪ್ಪದವಳ ಮಾತು. ನೀರಿಂದ ಎದ್ದಿದ್ದಾನೆ, ಚಪ್ಪಲಿ ಮೆಟ್ಟಿದ್ದಾನೆ, ಎಲ್ಲಿಗೋ ಹೋಗಿದ್ದಾನೆ ಎಂದು ಬರೆದುಕೊಂಡು ಹುಡುಕುವುದನ್ನು ನಿಲ್ಲಿಸಿದರು. ಒಂದು ದಿನ ತಡವಾದ ಮಾತನ್ನು ಮೂರನೆಯ ದಿನ ಹೇಳುವುದು ಹೇಗೆ? ಮೂರು ದಿನ ತಡವಾದದ್ದನ್ನು ಮೂರು ತಿಂಗಳ ನಂತರ ಹೇಳುವುದು ಹೇಗೆ? ಬಾಯಿಗೆ ಬಿದ್ದ ಬೀಗ ತುಕ್ಕು ಹಿಡಿಯುತ್ತ ಹೋಯಿತು.

ನಾಲ್ಕನೆಯ ದಿನ ಅವನ ಹೆಂಡತಿ ಬಂದಳು. ಎರಡು ವರ್ಷದ ಹೆಣ್ಣು ಮಗು ಸೊಂಟದಲ್ಲಿ. ಅವಳು ದರ್ಜಿ, ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಆ ಹೊತ್ತಿಗೆ ನಾನು ಕೆಲಸಕ್ಕೆ ಮರಳಿದ್ದೆ, ಅವಳ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಂಡ ಹೊರಡುವ ಮುಂಚಿನ ದಿನ ಇಬ್ಬರಿಗೂ ಜಗಳ ಆಗಿತ್ತಂತೆ, ಏನೋ ಕೆಲಸಕ್ಕೆ ಬಾರದ ವಿಷಯಕ್ಕೆ. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟು ಅವಳು, ಹೋಗು, ಹೋದವನು ಹಾಗೇ ಹೋಗು ಎಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು. ಅವಳು ದೊಡ್ಡಮ್ಮನ ಎದುರು ನಿಂತು ಒಂದೇ ಪ್ರಶ್ನೆ ಕೇಳಿದಳು, ಚಪ್ಪಲಿ ಇದೆಯಾ ಎಂದು. ದೊಡ್ಡಮ್ಮ ಸಾಲು ಖಾಲಿ ಇತ್ತಮ್ಮ ಎಂದಳು. ಆಕೆ ಅಳಲಿಲ್ಲ. ಹಾಗಾದರೆ ನನ್ನ ಮಾತು ನಡೆಸಿಕೊಟ್ಟ ಎಂದು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಹೊರಟುಹೋದಳು.

ಅಲ್ಲಿಂದಾಚೆ ಆಕೆ ಪ್ರತಿ ವರ್ಷ ಅದೇ ದಿನಕ್ಕೆ ಬರುತ್ತಿದ್ದಳು. ಹುಡುಕುವುದಕ್ಕಲ್ಲ, ಬೈಯುವುದಕ್ಕೆ. ಹಲಗೆಯ ಮೇಲೆ ಕೂತು ಸಮುದ್ರಕ್ಕೆ ಬೆನ್ನು ಹಾಕಿ, ಊರಿನ ರಸ್ತೆಯ ಕಡೆ ಮುಖ ಮಾಡಿ, ಗಂಡನನ್ನು ಏಕವಚನದಲ್ಲಿ ಬೈಯುತ್ತಿದ್ದಳು. ಇಲ್ಲಿಂದಲೇ ತಾನೇ ಮೆಟ್ಟಿಕೊಂಡು ಹೋದದ್ದು, ಯಾವ ಊರಲ್ಲಿ ಯಾವಳ ಮನೆ ಬಾಗಿಲಲ್ಲಿ ಬಿಟ್ಟಿದ್ದಾನೋ ಎನ್ನುವಳು. ಮಗಳಿಗೆ ಜ್ವರ ಬಂದದ್ದು, ಮನೆ ಖಾಲಿ ಮಾಡಿಸಿದ್ದು, ಎಲ್ಲ ಬೈಗುಳದ ನಡುವೆ ಹೇಳುವಳು. ದೊಡ್ಡಮ್ಮ ಪಕ್ಕದಲ್ಲಿ ಕೂತು ಟೀ ಕೊಟ್ಟು ತಲೆ ಆಡಿಸುತ್ತಿದ್ದಳು. ಎಂಥ ಒಳ್ಳೆಯ ಹೆಂಗಸು ನಮ್ಮ ದೊಡ್ಡಮ್ಮ, ಪರರ ದುಃಖಕ್ಕೆ ಎಷ್ಟು ಕರಗುತ್ತಾಳೆ ಎಂದು ನಾನು ನಾಲ್ಕು ಜನರ ಎದುರು ಹೇಳಿಕೊಂಡು ತಿರುಗಿದ್ದೇನೆ. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕಾಣುವ ಕಣ್ಣಿಗೆ ಗುರುತುಗಳು ಇದ್ದವು. ಆ ವರ್ಷದಿಂದ ದೊಡ್ಡಪ್ಪ ಚಪ್ಪಲಿ ಮೆಟ್ಟುವುದನ್ನೇ ಬಿಟ್ಟ. ಹವಳದ ಚೂರು ಕುಯ್ದು ಕಾಲೆಲ್ಲ ಗಾಯ, ಆದರೂ ಬರಿಗಾಲು. ಕೇಳಿದರೆ ಕಾಲಿಗೆ ಗಾಳಿ ಬೇಕು ಎನ್ನುತ್ತಿದ್ದ. ದೊಡ್ಡಮ್ಮನಿಗೆ ಬೇರೆಯೇ ಒಂದು ಗೀಳು ಹಿಡಿಯಿತು. ಬೆಳಕು ಹರಿಯುವ ಮುನ್ನ ಎಲ್ಲರಿಗಿಂತ ಮೊದಲು ದಡಕ್ಕೆ ಬಂದು ನಾಲ್ಕು ಮೆಟ್ಟಿಲನ್ನೂ ಒರೆಸುವುದು. ಸಮುದ್ರದ ಮೆಟ್ಟಿಲು ಒರೆಸುವವರನ್ನು ಎಲ್ಲಾದರೂ ಕಂಡಿದ್ದೀರಾ? ಇನ್ನು ದಿಬ್ಬವನ್ನೂ ಗುಡಿಸಿಬಿಡು ಎಂದು ನಾನು ಗೇಲಿ ಮಾಡುತ್ತಿದ್ದೆ. ಒಂದು ದಿನ ನಾನು ಅವಳಿಗಿಂತ ಮುಂಚೆ ಬಂದೆ. ಕಂಡದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಕೆಳಗಿನ ಮೆಟ್ಟಿಲಿಂದ ಮೇಲಿನವರೆಗೆ ಒದ್ದೆ ಹೆಜ್ಜೆಗಳಿದ್ದವು. ಬರಿಗಾಲಿನ ಗಂಡು ಹೆಜ್ಜೆ. ಹಲಗೆಯ ಕೊನೆಯವರೆಗೆ ಬಂದು, ಅಲ್ಲಿ ಎರಡೂ ಪಾದ ಜೋಡಿಸಿ ನಿಂತಿದ್ದವು. ವಾಪಸು ಹೋದ ಗುರುತಿರಲಿಲ್ಲ. ಯಾರೋ ಬೆಳಗಿನ ಸ್ನಾನಕ್ಕೆ ಬಂದವರಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ದೊಡ್ಡಮ್ಮ ಬಕೆಟ್ಟು ಹಿಡಿದು ಬಂದಳು. ನನ್ನ ಮುಖ ನೋಡಿದಳು, ಹೆಜ್ಜೆ ನೋಡಿದಳು, ಬಗ್ಗಿ ಒರೆಸತೊಡಗಿದಳು. ಆ ದಿನದಿಂದ ನಾನು ಬೇಗ ಬರುವುದನ್ನು ಬಿಟ್ಟೆ.

ಎರಡು ವರ್ಷದ ಹಿಂದೆ ದೊಡ್ಡಪ್ಪ ಎದೆನೋವಿನಿಂದ ತೀರಿಕೊಂಡ. ಅವನ ಸಾಮಾನು ತೆಗೆಯಲು ನಾನು ಹಿಂದಿನ ಕೋಣೆ ಗುಡಿಸುವಾಗ, ಹರಿದ ಫಿನ್ನಿನ ಗೋಣಿಚೀಲದ ತಳದಲ್ಲಿ ಆ ಜೋಡಿ ಸಿಕ್ಕಿತು. ಹಳದಿ ಹೊಲಿಗೆಯ ನೀಲಿ ಚಪ್ಪಲಿ. ಬಿಸಾಡಲು ಎತ್ತಿಕೊಂಡ ನನ್ನ ಕೈಯನ್ನು ದೊಡ್ಡಮ್ಮ ಹಿಡಿದುಕೊಂಡಳು. ಆ ಮಧ್ಯಾಹ್ನ ಸಿಲಿಂಡರುಗಳ ನಡುವೆ ನೆಲದ ಮೇಲೆ ಕೂತು ಎಲ್ಲ ಹೇಳಿದಳು.

ನಾನು ಸುಮ್ಮನಿರುವ ಹೆಣ್ಣಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಆಕೆ ಗಂಡ ಓಡಿಹೋದ ಅಂತ ಬೈಯುವಾಗ ಪಕ್ಕದಲ್ಲಿ ಕೂತು ಟೀ ಕುಡಿಸುತ್ತಿದ್ದೆಯಲ್ಲ, ನಿನ್ನ ಹೊಟ್ಟೆಯಲ್ಲಿ ಏನು ಕಲ್ಲು ತುಂಬಿದೆಯಾ ಎಂದೆ.

"ನಾನು ಸುಳ್ಳು ಹೇಳಲಿಲ್ಲ ಕಣೆ," ಎಂದಳು. "ಸಾಲು ಖಾಲಿನೇ ಇತ್ತು."

"ಅದೇ ಸುಳ್ಳು."

"ಹೂಂ. ಅದೇ ಸುಳ್ಳು." ಅವಳು ಚಪ್ಪಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಹೊಲಿಗೆಯ ಮೇಲೆ ಬೆರಳು ಆಡಿಸುತ್ತಿದ್ದಳು. "ಅವನು ಗಂಡಿಯ ಆಚೆ ಬಂಡೆ ಹಿಡ್ಕೊಂಡು ಇದ್ದಿದ್ರೆ? ರಾತ್ರಿ ಎಲ್ಲ ಇದ್ದಿದ್ರೆ? ನಾನು ಎತ್ತಿ ಹಿಡಿದಿದ್ದ ದೀಪ ಅವನಿಗೆ ಕಂಡಿರುತ್ತೆ. ಬಂದ್ರು ಅಂದ್ಕೊಂಡಿರ್ತಾನೆ. ಆಮೇಲೆ ದೀಪ ವಾಪಸ್ ಹೋಗಿದ್ದೂ ಕಂಡಿರುತ್ತೆ."

ಮುಂದಿನ ಸಲ ಆಕೆ ಬಂದಾಗ ಹೇಳಿಬಿಡು ಎಂದೆ. ಹೇಳುತ್ತೇನೆ ಎಂದಳು. ಮುಂದಿನ ಸಲ ಆಕೆ ಬಂದಳು, ಬೈದಳು, ಹೋದಳು. ದೊಡ್ಡಮ್ಮ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಹೇಳಲಿಲ್ಲ. ಅಷ್ಟು ಬಾಯಿ ಮಾಡಿದವಳು ಟಬ್ಬಿನಲ್ಲಿ ಕನ್ನಡಕ ತೊಳೆಯುತ್ತ ಕೂತೆ. ಪಾಲು ನನಗೂ ಇದೆ.

ಈ ವರ್ಷ ಆಕೆ ಬಂದಾಗ ಬೈಯಲಿಲ್ಲ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಕಣ್ಣಿಗೆ ಓದುವ ಕನ್ನಡಕ ಬಂದಿತ್ತು. ಹಲಗೆಯ ಮೇಲೆ ಕೂತು, ಇನ್ನು ತಾನು ಬರುವುದಿಲ್ಲ ಎಂದು ಹೇಳಿ ಹೋಗಲು ಬಂದೆ ಎಂದಳು. ಹನ್ನೊಂದು ವರ್ಷ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡದ್ದು ಸಾಕಾಯಿತಂತೆ. ಮಗಳಿಗೆ ಈಗ ಹದಿಮೂರು. ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು ತೆಗೆಸು ಎಂದು ಅವಳೇ ಹಟ ಹಿಡಿದಿದ್ದಾಳೆ. ಬಿಟ್ಟು ಹೋದವನ ಹೆಸರನ್ನು ನಾನೇಕೆ ಹೊರಬೇಕು ಎನ್ನುತ್ತಾಳಂತೆ. ಮನೆಯಲ್ಲಿದ್ದ ಒಂದೇ ಫೋಟೋವನ್ನೂ ಹರಿದು ಹಾಕಿದ್ದಾಳೆ.

"ನಾಳೆ ಹೋಗಿ ಅರ್ಜಿ ಕೊಡ್ತೀನಿ," ಎಂದಳು ಆಕೆ. "ಅಲ್ಲಿಗೆ ಅವನ ಋಣ ಹರಿದ ಹಾಗೆ. ನೀವು ಪ್ರತಿ ಸಲ ಟೀ ಕೊಟ್ರಿ ಅಮ್ಮ, ನಿಮ್ಮನ್ನ ಮರೆಯಲ್ಲ."

ನಾನು ದೊಡ್ಡಮ್ಮನ ಕಡೆ ನೋಡಿದೆ. ಅವಳು ಟೀ ಲೋಟ ಕೆಳಗಿಟ್ಟು ಎದ್ದು ಒಳಗೆ ಹೋದಳು. ಹಿಂದಿನ ಕೋಣೆಯಲ್ಲಿ ಗೋಣಿಚೀಲ ಎಳೆಯುವ ಸದ್ದು ಕೇಳಿಸಿತು. ಅವಳು ಹೊರಗೆ ಬಂದು, ಆಕೆಯ ಮುಖ ನೋಡದೆ, ಆ ಜೋಡಿಯನ್ನು ಹಲಗೆಯ ಕೊನೆಯಲ್ಲಿ ಇಟ್ಟಳು. ಬೆರಳಿನ ಕಡೆ ಸಮುದ್ರಕ್ಕೆ ಬರುವಂತೆ ತಿರುಗಿಸಿ, ಎರಡನ್ನೂ ಸರಿಯಾಗಿ ಜೋಡಿಸಿ ಇಟ್ಟಳು. ಆಮೇಲೆ ನಿಂತೇ ಎಲ್ಲ ಹೇಳಿದಳು. ಕೆಸರು, ಕಿವಿನೋವು, ಬಾಗಿಲಲ್ಲಿ ಎರಡು ಜೋಡಿ, ದೀಪ. ಏನನ್ನೂ ಬಿಡಲಿಲ್ಲ, ಎಲ್ಲಿಯೂ ತಪ್ಪನ್ನು ತನ್ನ ಸತ್ತ ಗಂಡನ ಮೇಲೆ ಹಾಕಲಿಲ್ಲ. ಬೀಗ ಹಾಕಿಸಿದವಳು ನಾನು, ಖಾಲಿ ಅಂದವಳು ನಾನು ಎಂದಳು.

ಆಕೆ ಬಗ್ಗಿ ಎಡಗಾಲಿನ ಚಪ್ಪಲಿ ಎತ್ತಿಕೊಂಡಳು. ಹಳದಿ ಹೊಲಿಗೆಯನ್ನು ಕಣ್ಣಿನ ಹತ್ತಿರ ತಂದು ನೋಡಿದಳು.

"ನಾನೇ ಹೊಲಿದಿದ್ದು," ಎಂದಳು. "ನೀಲಿ ದಾರ ಮುಗಿದಿತ್ತು. ಹಳದಿ ಹಾಕಿದ್ದಕ್ಕೆ ನಕ್ಕಿದ್ರು ಅವರು."

ಆಕೆ ದೊಡ್ಡಮ್ಮನನ್ನು ಹೊಡೆಯಬಹುದು, ಕೂಗಿ ಜನ ಸೇರಿಸಬಹುದು ಎಂದು ನಾನು ಕಾದೆ. ಹಾಗೆ ಮಾಡಿದ್ದರೆ ನಾನು ಅಡ್ಡ ಹೋಗುತ್ತಿರಲಿಲ್ಲ.

"ಹನ್ನೊಂದು ವರ್ಷ ನಾನು ಅವರನ್ನ ಬೈದೆ," ಎಂದಳು ಆಕೆ ಕೊನೆಗೆ, ದೊಡ್ಡಮ್ಮನಿಗಲ್ಲ, ಚಪ್ಪಲಿಗೆ. "ಮಗಳಿಗೂ ಬೈಯೋದು ಕಲಿಸಿದೆ. ಅವರು ಇಲ್ಲೇ ಇದ್ರು. ನಾನು ಬೆನ್ನು ಹಾಕ್ಕೊಂಡು ಕೂತು ಬೈತಿದ್ದೆ."

ದೊಡ್ಡಮ್ಮ ಆಕೆಯ ಕಾಲು ಹಿಡಿಯಲು ಬಗ್ಗಿದಳು. ಆಕೆ ಕಾಲು ಹಿಂದೆ ಎಳೆದುಕೊಂಡು, ಮುಟ್ಟಬೇಡಿ ಎಂದಳು, ಅಷ್ಟೇ. ನನ್ನ ಕಡೆ ತಿರುಗಿ, ತನ್ನನ್ನು ಒಳಗೆ ಕರೆದುಕೊಂಡು ಹೋಗಲು ಆಗುತ್ತದೆಯೇ ಎಂದು ಕೇಳಿದಳು. ಈಜು ಬರುತ್ತದೆಯೇ ಅಂದರೆ ಇಲ್ಲ ಎಂದಳು. ಗಾಳಿ ತುಂಬಿದ ಟ್ಯೂಬು ಹಿಡಿದುಕೊಂಡರೆ ಸಾಕು ಎಂದೆ.

ಕನ್ನಡಕ ಸರಿ ಮಾಡಬೇಕಾದವಳು ದೊಡ್ಡಮ್ಮ. ಅವಳು ಮೊಳೆಯಿಂದ ಒಂದನ್ನು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದಳು, ಮುಂದೆ ಬರುವ ಧೈರ್ಯವಿಲ್ಲ. ಆಕೆ ಅದನ್ನು ನೋಡಿದಳು. ತಾನೇ ಹೋಗಿ ಅವಳ ಎದುರು ನಿಂತು ಮುಖ ಮುಂದೆ ಚಾಚಿದಳು. ದೊಡ್ಡಮ್ಮನ ಬೆರಳು ಆ ಮುಖದ ಮೇಲೆ ಅಳತೆ ನೋಡುವುದನ್ನು ನಾನು ನೋಡಲಾರದೆ ಬೇರೆ ಕಡೆ ತಿರುಗಿದೆ. ಆಕೆ ತನ್ನ ಚಪ್ಪಲಿಯನ್ನು ನೀಲಿ ಜೋಡಿಯ ಪಕ್ಕದಲ್ಲಿ ಬಿಟ್ಟಳು.

ಉಬ್ಬರದ ಹೊತ್ತು, ನೀರು ತಿಳಿಯಾಗಿ ನಿಂತಿತ್ತು. ಆಕೆ ಟ್ಯೂಬನ್ನು ತಬ್ಬಿ ಹಿಡಿದು ಮುಖ ಕೆಳಗೆ ಹಾಕಿದಳು. ಮೊದಲ ಉಸಿರಿಗೆ ಎಲ್ಲರ ಹಾಗೆ ಗಾಬರಿ, ಕೆಮ್ಮು. ಆಮೇಲೆ ಉಸಿರು ಹದಕ್ಕೆ ಬಂತು. ನಾನು ಟ್ಯೂಬನ್ನು ಎಳೆಯುತ್ತ ಎಲೆಕೋಸು ಹವಳದ ಮೇಲೆ, ಜಿಂಕೆ ಕೊಂಬಿನ ಮೇಲೆ ತೇಲಿಸಿಕೊಂಡು ಹೋದೆ. ಗಿಳಿಮೀನುಗಳು ಹವಳ ಕಡಿಯುವ ಕಟಕಟ ಸದ್ದು ನೀರೆಲ್ಲ ತುಂಬಿತ್ತು. ಗಂಡಿ ದೂರದಿಂದಲೇ ಕಾಣುತ್ತದೆ, ಅಲ್ಲಿ ನೀರಿನ ಬಣ್ಣ ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ. ಅಲ್ಲಿಗೆ ಎಂದು ಆಕೆ ಕೈ ತೋರಿಸಿದಳು. ಇಪ್ಪತ್ತು ಮಾರು ಈಚೆಗೆ ನಿಲ್ಲಿಸಿ, ಇನ್ನು ಮುಂದೆ ಬೇಡ ಎಂದು ತಲೆ ಆಡಿಸಿದೆ. ಆಕೆ ಅಲ್ಲೇ ತೇಲುತ್ತ ಆ ಕಪ್ಪನ್ನು ನೋಡುತ್ತಿದ್ದಳು.

ಆಗ ಆಕೆಯ ಕೊಳವೆಯಿಂದ ಸದ್ದು ಬರತೊಡಗಿತು. ನೀರು ಹೋಗಿರಬೇಕೆಂದು ಹೆದರಿ ಹತ್ತಿರ ಹೋದೆ. ನೀರಲ್ಲ. ಆಕೆ ಮಾತಾಡುತ್ತಿದ್ದಳು. ಬಾಯಲ್ಲಿ ರಬ್ಬರು ಕಚ್ಚಿಕೊಂಡು ಆಡುವ ಮಾತಿನಲ್ಲಿ ಅಕ್ಷರ ಇರುವುದಿಲ್ಲ, ಏರಿಳಿತ ಮಾತ್ರ ಇರುತ್ತದೆ. ಬೈಗುಳದ ಧಾಟಿ ಹನ್ನೊಂದು ವರ್ಷ ಕೇಳಿ ನನಗೆ ಚೆನ್ನಾಗಿ ಗೊತ್ತು, ಇದು ಅದಲ್ಲ. ಒಂದೊಂದು ಸಲ ನಿಲ್ಲಿಸಿ, ಕೇಳಿಸಿಕೊಂಡ ಹಾಗೆ ಸುಮ್ಮನಿದ್ದು, ಮತ್ತೆ ಶುರು ಮಾಡುತ್ತಿದ್ದಳು. ನೀರಿನ ಕೆಳಗೆ ನನಗೆ ಏನೂ ಕಾಣಲಿಲ್ಲ, ದೇವರಾಣೆ ಹೇಳುತ್ತೇನೆ. ಆದರೆ ಗಿಳಿಮೀನುಗಳ ಕಟಕಟ ಪೂರ್ತಿ ನಿಂತಿತ್ತು. ಅಷ್ಟು ವರ್ಷದಲ್ಲಿ ಆ ದಿಬ್ಬ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕೇಳಿರಲಿಲ್ಲ. ನೀರು ತಣ್ಣಗಾದಂತೆ ಅನ್ನಿಸಿ, ಆಕೆಯನ್ನು ಎಳೆದುಕೊಂಡು ದಡಕ್ಕೆ ಬಂದೆ.

ಮೇಲೆ ಬಂದು ಆಕೆ ಮುಖ ಒರೆಸಿಕೊಂಡಳು, ತನ್ನ ಚಪ್ಪಲಿ ಮೆಟ್ಟಿದಳು. ನೀಲಿ ಜೋಡಿಯನ್ನು ಎತ್ತಿಕೊಂಡು ಹೋಗುತ್ತಾಳೆ ಎಂದುಕೊಂಡು ನಾನು ಚೀಲ ತಂದುಕೊಟ್ಟೆ. ಬೇಡ ಎಂದಳು. ದೊಡ್ಡಮ್ಮನ ಕಡೆ ಮೊದಲ ಸಲ ನೇರವಾಗಿ ನೋಡಿದಳು.

"ಇಲ್ಲೇ ಇರಲಿ," ಎಂದಳು. "ನೀವು ಕಾಯಿರಿ."

ಅಷ್ಟು ಹೇಳಿ ಹೊರಟುಹೋದಳು. ಕ್ಷಮಿಸಿದ್ದೇನೆ ಎನ್ನಲಿಲ್ಲ. ಮಾರನೆಯ ದಿನ ಶಾಲೆಗೆ ಹೋದಳೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ತಿಂಗಳ ನಂತರ ಪೊಲೀಸಿನವನು ಬಂದು ದೊಡ್ಡಮ್ಮನ ಹೇಳಿಕೆಯನ್ನು ಹೊಸದಾಗಿ ಬರೆದುಕೊಂಡು ಹೋದ. ಅವಳು ಒಂದು ಅಕ್ಷರವೂ ಬಿಡದೆ ಹೇಳಿದಳು. ಮುಂದೇನಾಗುತ್ತದೋ ಕಾದು ನೋಡಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಅವಳೇ ಹೇಳುತ್ತಾಳೆ.

ಹೆಜ್ಜೆಗಳು ಈಗಲೂ ಬರುತ್ತವೆ. ಈಗ ನಾನು ಬೇಗ ಬರುತ್ತೇನೆ, ನೋಡುತ್ತೇನೆ. ದೊಡ್ಡಮ್ಮ ಒರೆಸುವುದಿಲ್ಲ, ಬಿಸಿಲಿಗೆ ಅದರಷ್ಟಕ್ಕೆ ಒಣಗುತ್ತವೆ.

ಆದರೆ ನಾನು ಹೇಳಬೇಕೆಂದಿದ್ದದ್ದು ಆ ದಿನದ ಸಂಜೆಯದು. ಆಕೆ ಹೋದ ಮೇಲೆ ಬಂದವರೆಲ್ಲ ಒಬ್ಬೊಬ್ಬರಾಗಿ ನೀರಿಂದ ಎದ್ದು ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೋದರು. ಹಲಗೆಯ ಕೊನೆಯಲ್ಲಿ ನೀಲಿ ಜೋಡಿ ಮಾತ್ರ ಉಳಿಯಿತು. ಒಳಗೆ ಯಜಮಾನರು ಬೀಗದ ಕೈ ಹುಡುಕುತ್ತ, ಎಂದಿನಂತೆ, "ಖಾಲಿಯಾ?" ಎಂದು ಕೇಳಿದರು.

ದೊಡ್ಡಮ್ಮ ಹಲಗೆ ನೋಡಿದಳು, ನೀರು ನೋಡಿದಳು.

"ಇಲ್ಲ," ಎಂದಳು. "ಒಬ್ಬರು ಇನ್ನೂ ಒಳಗಿದ್ದಾರೆ."